ನಲವತ್ತು ಬೆಂಚುಗಳ ಲೆಕ್ಕ

ಮೌಲ್ಯಮಾಪನ ಕೇಂದ್ರದ ಚಹಾ ಕಂಡರೆ ಟೀಚರಮ್ಮನಿಗೆ ಹೇಸಿಗೆ. ಹಿಂದಿನವರ ಬೆರಳಚ್ಚು ಹಾಗೇ ಉಳಿದ ಲೋಟ, ಎಂಜಲು ಹಚ್ಚಿ ಪುಟ ತಿರುವುವ ಪಕ್ಕದ ಮೇಷ್ಟ್ರು, ಯಾವುದೂ ಸೇರುತ್ತಿರಲಿಲ್ಲ. ಇವೆಲ್ಲಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸುತ್ತಿದ್ದದ್ದು ಏಳೂವರೆ ಹೆಂಗಸರು. "ಬಸ್ಸಿನಲ್ಲಿ ಏಳೂವರೆ ಹೆಂಗಸರಿದ್ದರು" ಎಂದು ಉತ್ತರ ಬರೆದು, ಅಡಿಗೆರೆ ಎಳೆದು, ನೆಮ್ಮದಿಯಿಂದ ಮನೆಗೆ ಹೋಗುವ ಮಕ್ಕಳನ್ನು ಅವರು ಮೂವತ್ತೊಂದು ವರ್ಷದಿಂದ ನೋಡುತ್ತ ಬಂದಿದ್ದರು. ಆ ಅರ್ಧ ಹೆಂಗಸು ಬಸ್ಸು ಹತ್ತಿದ್ದಾದರೂ ಹೇಗೆ ಎಂದು ಕೇಳುವ ಒಂದು ನರಪಿಳ್ಳೆಯೂ ಇಲ್ಲ.

ಅದಕ್ಕೇ ಅವರದೊಂದು ಪದ್ಧತಿ. ಕಥೆಯ ಲೆಕ್ಕ ಬಿಡಿಸುವಾಗ ಲೋಕವೆಲ್ಲ ಮೊದಲು ಹೇಳಿದ್ದನ್ನು ಎಕ್ಸ್ ಎನ್ನುತ್ತದೆ. ಇವರು ಕೊನೆಗೆ ಹೇಳಿದ್ದನ್ನು. "ಕೊನೇಲಿ ಬಂದಿದ್ದನ್ನೇ ಜನ ಮೊದಲು ಮರೆಯೋದು" ಎನ್ನುವುದು ಅವರ ವಾದ. ಉತ್ತರ ಬಂದ ಮೇಲೆ ಅದನ್ನು ಸಮೀಕರಣಕ್ಕಲ್ಲ, ಕಥೆಗೇ ತಿರುಗಿ ಹಾಕಬೇಕು. ಕೆಳಗೆ "ನಿಜವೇ?" ಎಂದು ಬರೆದು, ಗುಣಿಸಿ ಕೂಡಿಸಿ ನೋಡಿ, ಸರಿ ಬಂದರೆ ಮಾತ್ರ "ನಿಜ" ಎನ್ನಬೇಕು. ಮಕ್ಕಳು ಬೆನ್ನ ಹಿಂದೆ ಅವರನ್ನು ಕರೆಯುತ್ತಿದ್ದದ್ದೇ "ನಿಜವೇ ಟೀಚರ್" ಎಂದು. ಮುಂದಿನ ತರಗತಿಯ ಮೇಷ್ಟ್ರುಗಳು ಈ ಉಲ್ಟಾ ಪದ್ಧತಿಯನ್ನು ಗದರಿಸಿ ಬಿಡಿಸುತ್ತಿದ್ದರು. ಹಿಡಿದು ಉಳಿಸಿಕೊಂಡವಳು ಅವರ ಮಗಳೊಬ್ಬಳೇ. ಅವಳೂ ಈಗ ಬೇರೆ ಊರಲ್ಲಿ ಗಣಿತದ ಟೀಚರ್. ಕೆಲಸ ಕಾಯಂ ಆಗಲು ಇನ್ನೆರಡೇ ತಿಂಗಳು. ಅವಳಿಗೆ ಕೆಲಸ ಸಿಕ್ಕ ದಿನ ಸಹೋದ್ಯೋಗಿಗಳೆಲ್ಲ "ನೂಲಿನಂತೆ ಸೀರೆ, ತಾಯಿಯಂತೆ ಮಗಳು" ಎಂದು ಹೊಗಳಿದ್ದರು.

ಅಂದು ಬೆಳಿಗ್ಗೆ ಬಿಚ್ಚಿದ ಕಟ್ಟಿನಲ್ಲಿ ಮೂವತ್ತನಾಲ್ಕು ಉತ್ತರ ಪತ್ರಿಕೆಗಳಿದ್ದವು. ಹೆಸರಿಲ್ಲ, ಶಾಲೆಯಿಲ್ಲ, ಬರೀ ಗುಟ್ಟಿನ ಸಂಖ್ಯೆ. ಪ್ರಶ್ನೆ ಇದು: ಒಂದು ಸಭಾಂಗಣದಲ್ಲಿ ಮೂವರು ಕೂರುವ ಬೆಂಚು, ಐವರು ಕೂರುವ ಬೆಂಚು ಸೇರಿ ನಲವತ್ತಿವೆ. ಒಟ್ಟು ನೂರೈವತ್ತೆರಡು ಜನ ಕೂರಬಹುದು. ಯಾವುದು ಎಷ್ಟು?

ಮೊದಲ ಪತ್ರಿಕೆಯಲ್ಲೇ ಐವರ ಬೆಂಚು ಎಕ್ಸ್ ಆಗಿತ್ತು. ಟೀಚರಮ್ಮನ ಮುಖ ಅರಳಿತು. ಎಕ್ಸ್ ಹದಿನಾರು, ವೈ ಇಪ್ಪತ್ನಾಲ್ಕು, ಭೇಷ್. ಆದರೆ ಕೊನೆಯ ಸಾಲು: "ಮೂವರ ಬೆಂಚು ಹದಿನಾರು, ಐವರ ಬೆಂಚು ಇಪ್ಪತ್ನಾಲ್ಕು. ನಿಜವೇ? ನಿಜ."

ತಿರುಗಾಮುರುಗಾ! ಹೀಗೆ ಕೂರಿಸಿದರೆ ನೂರರವತ್ತೆಂಟು ಜನ ಆಗುತ್ತಾರೆ. ಎರಡನೇ ಪತ್ರಿಕೆ ತೆರೆದರು, ಅದೇ ತಪ್ಪು. ಹತ್ತನೆಯದು, ಇಪ್ಪತ್ತನೆಯದು, ಅದೇ ಮಾತು, ಅದೇ ಅಲ್ಪವಿರಾಮ, ಕೊನೆಗೆ ಅದೇ "ನಿಜ". ಯಾರೋ ನಿಂತು ಹೇಳಿ ಬರೆಸಿದ್ದಾರೆ. ಕೊನೆಯದನ್ನು ಎಕ್ಸ್ ಎಂದುಕೊಂಡವರು ಅವಸರದಲ್ಲಿ ಉತ್ತರ ಹೇಳುವಾಗ ಮಾತ್ರ ಮಾಡಬಹುದಾದ ತಪ್ಪು ಅದು. ಅಂಥವರು ಲೋಕದಲ್ಲಿ ಇಬ್ಬರೇ. ಒಬ್ಬರು ಇಲ್ಲಿ ಕೆಂಪು ಪೆನ್ನು ಹಿಡಿದು ಕೂತಿದ್ದರು.

ಇಪ್ಪತ್ತೇಳನೆಯ ಪತ್ರಿಕೆ ಬೇರೆಯಾಗಿತ್ತು. "ನಿಜವೇ?" ಎಂಬುದರ ಮುಂದೆ ಯಾವುದೋ ಮಗು ನಿಜವಾಗಿಯೂ ಗುಣಿಸಿ ನೋಡಿತ್ತು. ನಲವತ್ತೆಂಟು, ನೂರಿಪ್ಪತ್ತು, ನೂರರವತ್ತೆಂಟು. "ಇಲ್ಲ" ಎಂದು ಬರೆದಿತ್ತು. ಆಮೇಲೆ ಆ "ಇಲ್ಲ"ವನ್ನು ಹೊಡೆದುಹಾಕಿ, ಪಕ್ಕದಲ್ಲಿ ಪುಟ್ಟದಾಗಿ "ನಿಜ" ಎಂದು ಬರೆದಿತ್ತು.

ಊಟದ ಬಿಡುವಿನಲ್ಲಿ ಟೀಚರಮ್ಮ ಡಬ್ಬಿ ಬಿಚ್ಚಲಿಲ್ಲ. ಕಾರಿಡಾರಿನ ತುದಿಗೆ ಹೋಗಿ ಮಗಳಿಗೆ ಫೋನು ಮಾಡಿದರು.

"ಬೆಂಚಿನ ಲೆಕ್ಕ ಬರೆಸಿದ್ದು ನೀನೇನಾ?"

"ನಿಂಗೆ ಹೇಗೆ ಗೊತ್ತಾಯ್ತಮ್ಮಾ? ಹೆಡ್‌ಮಾಸ್ಟರ್ ಹೇಳಿದ್ರು. ಫಲಿತಾಂಶ ಕಮ್ಮಿ ಆದ್ರೆ ನನ್ನ ಕಾಯಂ ಮಾಡಲ್ಲ ಅಂದ್ರು. ಎಲ್ಲಾ ಕಡೆ ನಡೆಯೋದೇ ತಾನೆ?"

"ಒಂದು ಮಗು ಇಲ್ಲ ಅಂತ ಬರೆದಿದೆ."

"ಹೂಂ, ಆ ಹುಡುಗಿ ಎದ್ದು ನಿಂತು ತಾಳೆ ಆಗ್ತಿಲ್ಲ ಮಿಸ್ ಅಂದ್ಲು. ಹೊರಗೆ ತಪಾಸಣೆಯವರ ಜೀಪು ಬಂದಿತ್ತಮ್ಮಾ. ತೆಪ್ಪಗೆ ಕೂತು ನಿಜ ಅಂತ ಬರಿ ಅಂದೆ."

"ಥೂ," ಎಂದರು ಟೀಚರಮ್ಮ. ಮಗಳಿಗೆ ಅವರು ಹಾಗೆ ಅಂದದ್ದು ಅದೇ ಮೊದಲು. ಫೋನು ಇಟ್ಟ ಮೇಲೂ ಕೈಯಲ್ಲಿ ಏನೋ ಅಂಟಿದ ಹಾಗಾಗಿ, ನಲ್ಲಿಯ ಕೆಳಗೆ ಎರಡು ಸಲ ತೊಳೆದುಕೊಂಡರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಅವರು ಬೇಕಾದಷ್ಟು ನೋಡಿದ್ದರು. ಈ ಬೇಲಿ ಅವರೇ ಕಟ್ಟಿದ್ದು.

ಮುಖ್ಯ ಪರೀಕ್ಷಕರು ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ ಬಂದು ಕಟ್ಟನ್ನು ನೋಡಿದರು. "ಹಂತ ಎಲ್ಲಾ ಸರಿ ಇದೆಯಲ್ಲ ಮೇಡಂ, ನಾಲ್ಕಕ್ಕೆ ಮೂರು ಹಾಕಿ ಮುಗಿಸಿ. ವರದಿ ಗಿರದಿ ಅಂತ ಹೋದ್ರೆ ನಮಗೇ ತಲೆನೋವು. ಪಾಪ, ಯಾರದೋ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು?"

ಯಾರದೋ! ಟೀಚರಮ್ಮ ಪೆನ್ನು ಎತ್ತಿ ಮೊದಲ ಪತ್ರಿಕೆಯಲ್ಲಿ ಮೂರು ಎಂದು ಬರೆದೇಬಿಟ್ಟರು. ಹೆತ್ತವರಿಗೆ ಹೆಗ್ಗಣ ಮುದ್ದು. ಎರಡನೆಯದರಲ್ಲೂ ಬರೆದರು, ಮೂರನೆಯದರಲ್ಲೂ. ಆಮೇಲೆ ತಮ್ಮದೇ ದುಂಡಗಿನ ಆ ಅಂಕಿಗಳನ್ನು ನೋಡಿ ಅವರಿಗೆ ಹೇಸಿಗೆಯಾಯಿತು. ತಪ್ಪು ಅಂತ ಗೊತ್ತಿದ್ದೂ ಸರಿ ಎಂದು ಬರೆಯುವುದರಲ್ಲಿ ತಾವು ಮಗಳಿಗಿಂತ ಏನು ಮೇಲು?

ಮೂರು ಅಂಕಿಗಳನ್ನೂ ಹೊಡೆದು ಪಕ್ಕದಲ್ಲಿ ಸಹಿ ಹಾಕಿದರು. ಇಪ್ಪತ್ತೇಳನೆಯದನ್ನು ತೆಗೆದು, ಆ ಮಗು ಹೊಡೆದುಹಾಕಿದ್ದ "ಇಲ್ಲ"ದ ಮೇಲೆ ದೊಡ್ಡದೊಂದು ಕೆಂಪು ಸರಿ ಗುರುತು ಹಾಕಿದರು. ಮುಖ್ಯ ಪರೀಕ್ಷಕರಿಂದ ಸಾಮೂಹಿಕ ನಕಲಿನ ವರದಿ ನಮೂನೆ ಕೇಳಿ ಪಡೆದರು. ಅದರಲ್ಲಿ "ಆಧಾರ" ಎಂಬ ಕಾಲಮಿನಲ್ಲಿ ನಿಧಾನವಾಗಿ ಬರೆದರು:

"ಈ ಪದ್ಧತಿ ನನ್ನದು. ಇದನ್ನು ನನ್ನಿಂದ ಕಲಿತು ಈಗಲೂ ಕಲಿಸುತ್ತಿರುವವಳು ನನ್ನ ಮಗಳು. ಹೇಳಿ ಬರೆಸಿದ್ದು ಅವಳೇ."

ಸಹಿ ಹಾಕುವ ಮೊದಲು ಮೂವತ್ತೊಂದು ವರ್ಷದ ಅಭ್ಯಾಸದಿಂದ ಕೈ ತಾನಾಗಿಯೇ ಕೆಳಗಿನ ಸಾಲಿಗೆ ಇಳಿದು "ನಿಜವೇ?" ಎಂದು ಬರೆಯಿತು. ಟೀಚರಮ್ಮ ಅದನ್ನು ಹೊಡೆದುಹಾಕಲಿಲ್ಲ. ಮುಂದೆ ಬರೆಯಬೇಕಾದ ಎರಡಕ್ಷರ ಬರೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು.