ಆಂಪ್ಲಿಫೈಯರ್ ಆನ್ ಮಾಡುವವನು

ಮೈಕ್, ಸೌಂಡ್ಸ್ ಬಾಡಿಗೆಗೆ ಕೊಡುವವರಿಗೆ ಮದುವೆಯೂ ಒಂದೇ, ಸತ್ತವರ ಬೊಜ್ಜವೂ ಒಂದೇ. ಎರಡಕ್ಕೂ ಅದೇ ಪೆಟ್ಟಿಗೆ, ಅದೇ ವಯರು. ಹೀಗೆ ನಾನೇ ಎಷ್ಟೋ ಸಲ ಜಂಬ ಕೊಚ್ಚಿಕೊಂಡಿದ್ದೆ. ನನ್ನ ಪಾಲುದಾರನ ಉತ್ತರಕ್ರಿಯೆಗೆ ಕಾಪುವಿನ ಸಭಾಭವನದಲ್ಲಿ ಮೈಕ್ ಕಟ್ಟಬೇಕಾಗಿ ಬಂದ ದಿನ ಆ ಜಂಬ ಇಳಿಯಿತು.

ಈ ಕೆಲಸಕ್ಕೆ ಬೇರೆ ಯಾರನ್ನಾದರೂ ಕರೆಯೋಣ ಎಂದು ಅವನ ಮನೆಯವರು ಹೇಳಿದ್ದರು. ಅವನ ತಾಯಿ ಒಪ್ಪಲಿಲ್ಲ. ಮಲ್ಪೆಯಲ್ಲಿ ಮೀನು ಮಾರಿ ಅವನನ್ನು ಸಾಕಿದವರು ಅವರು. ಬಂದರಿನ ಗದ್ದಲದಲ್ಲೂ ಅವರ ದನಿಗೆ ಮೈಕ್ ಬೇಕಿರಲಿಲ್ಲ. ಗಂಟಲಿನ ಆಪರೇಷನ್ ಆದ ಮೇಲೆ ಉಳಿದದ್ದು ಬರೀ ಪಿಸುದನಿ. ಆದರೂ ನುಡಿನಮನದಲ್ಲಿ ಮೊದಲು ತಾನೇ ಮಾತಾಡುತ್ತೇನೆಂದು ಹಟ ಹಿಡಿದರು. ಯಾರಿಗೂ ಕೇಳಿಸುವುದಿಲ್ಲ, ಸುಮ್ಮನೆ ಆಯಾಸ ಎಂದು ನೆಂಟರು ತಡೆದರು. ತಾಯಿ ನನ್ನನ್ನು ಹತ್ತಿರ ಕರೆದರು.

"ಹಿಂದೆ ಕೂತವರಿಗೂ ಕೇಳ್ಬೇಕು ಮಗಾ. ನೀನೇ ಮಾಡು."

ನಮ್ಮಿಬ್ಬರಲ್ಲಿ ಮಿಕ್ಸರ್ ನನ್ನದು, ಆಂಪ್ಲಿಫೈಯರ್‌ಗಳನ್ನು ಒಂದರ ಮೇಲೊಂದು ಕೂರಿಸಿದ ರ‍್ಯಾಕ್ ಅವನದು. ಮಿಕ್ಸರ್ ಮೊದಲು ಆನ್ ಆಗಬೇಕು, ಆಂಪ್ಲಿಫೈಯರ್ ಕೊನೆಗೆ. ಹಿಂದುಮುಂದಾದರೆ ಸ್ಪೀಕರ್ ಧಡ್ ಎಂದು ಮಕ್ಕಳನ್ನೆಲ್ಲ ಅಳಿಸುತ್ತದೆ. ಹಾಗಾಗಿ ಸಭೆಯ ಹಿಂದಿನಿಂದ ನಾನು ಕೈ ಎತ್ತುವುದು, ವೇದಿಕೆಯ ಪಕ್ಕದಲ್ಲಿ ಅವನು ಸ್ವಿಚ್ ಹಾಕುವುದು. ವರ್ಷಗಟ್ಟಲೆ ಹಾಗೆಯೇ ನಡೆದಿತ್ತು.

ಅಂದು ಸ್ಪೀಕರಿನ ವಯರುಗಳನ್ನು ಸಿಕ್ಕಿಸಿ ಬಿಗಿ ಮಾಡಿದ್ದು ನಾನೇ. ರ‍್ಯಾಕಿಗೆ ಪ್ರತ್ಯೇಕ ಕರೆಂಟ್ ಲೈನ್ ಎಳೆದೆ, ಅರ್ಥಿಂಗ್ ನೋಡಿದೆ. ಆಮೇಲೆ ಹಿಂದೆ ಬಂದು, ಮಿಕ್ಸರ್ ಆನ್ ಮಾಡಿ, ಕೈ ಎತ್ತಿದೆ.

ತಾಯಿ ಮೈಕಿನ ಮುಂದೆ ನಿಂತರು. ತುಟಿ ಅಲುಗಿತು. ಮಿಕ್ಸರಿನ ಹಸಿರು ದೀಪ ಅವರ ಮಾತಿಗೆ ಸರಿಯಾಗಿ ಮಿನುಗಿತು. ಸಭೆಗೆ ಮಾತ್ರ ಏನೂ ಕೇಳಿಸಲಿಲ್ಲ. ನೆಂಟರು ಮುಖ ಮುಖ ನೋಡಿಕೊಂಡರು. ನಾನು ಕೈ ಎತ್ತಿಕೊಂಡೇ ಇದ್ದೆ, ಇವನು ಎಂತ ಮಾಡುತ್ತಿದ್ದಾನೆ ಎಂದು ಒಳಗೊಳಗೇ ಸಿಡುಕುತ್ತ. ರ‍್ಯಾಕಿನ ಹತ್ತಿರ ಯಾರೂ ಇಲ್ಲವೆಂಬುದು ಆಮೇಲೆ ತಲೆಗೆ ಹೋಯಿತು. ಅವನ ಚಟ್ಟಕ್ಕೆ ಹೆಗಲು ಕೊಟ್ಟವನು ನಾನೇ, ಆದರೂ ಅವನು ಸತ್ತದ್ದು ನನಗೆ ಗೊತ್ತಾದದ್ದು ಆಗಲೇ.

ಕೂತವರ ನಡುವೆಯೇ ಓಡಿದೆ. ಆಂಪ್ಲಿಫೈಯರ್ ಎಲ್ಲವನ್ನೂ ಒಮ್ಮೆಲೇ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತದೆ. ಒಂದೊಂದಾಗಿ ಹಾಕಿದೆ, ವಾಲ್ಯೂಮ್ ಏರಿಸಿದೆ. ಅಷ್ಟರಲ್ಲಿ ಯಾರೋ ತಾಯಿಯನ್ನು ಕೂರಿಸಲು ಹೋದರು. ಅವರು ಆ ಕೈಯನ್ನು ಕೊಡವಿ, ನನ್ನ ಕಡೆ ನೋಡುತ್ತ ಕಾದರು. ನಾನು ತಲೆಯಾಡಿಸಿದೆ.

ಪಿಸುದನಿ ಕೊನೆಯ ಸಾಲಿನವರೆಗೂ ಹೋಯಿತು. ತುಳುವಿನಲ್ಲಿ ಅವರು ಹೇಳಿದ್ದು ಇಷ್ಟೇ:

"ಇನ್ನು ಒಬ್ಬೊಬ್ಬರೇ ಬಂದು ಅವ ದೇವರಂಥವ ಅಂತ ಹೇಳ್ತೀರಿ. ಅವ ದೇವರಲ್ಲ, ಸಿಟ್ಟಿನವ. ನನಗೂ ಬೈತಿದ್ದ. ನನಗೆ ಅದು ಕೂಡ ಬೇಕು."