ದಾರಿಗೆ ಒಟ್ಟಿದ ಮುಳ್ಳು

ಹಿಂಗಾರಿ ಬಿತ್ತುವ ಮೊದಲು ಬೀಜವನ್ನು ಚರ್ಚಿಗೆ ಒಯ್ದು ಪ್ರಾರ್ಥನೆ ಮಾಡಿಸುವುದು ನಮ್ಮ ಮನೆಯ ಪದ್ಧತಿ. ಹಾಗೆ ಪ್ರಾರ್ಥನೆ ಮಾಡಿಸಿದ ಬೀಜವನ್ನು ಯಾರು ಕೇಳಿದರೂ ಇಲ್ಲ ಅನ್ನುವಂತಿಲ್ಲ. ಬಾಜೂ ಹೊಲದ ಕಾಕಾನಿಗೂ ಅದು ಗೊತ್ತಿತ್ತು. ನಮ್ಮ ಹೊಲದ ದಾರಿಗೆ ಅಡ್ಡ ಜಾಲಿಮುಳ್ಳು ಒಟ್ಟಿ, ಮೆಣಸಿನಕಾಯಿ ಚೀಲಗಳನ್ನು ನಾವು ತಲೆಮೇಲೆ ಹೊರುವಂತೆ ಮಾಡಿದವನು ಅವನೇ. ಆ ವರ್ಷ ಅವನ ಬಿತ್ತನೆ ಜೋಳಕ್ಕೆ ನುಸಿ ಹತ್ತಿತು. ನಾಚಿಕೆ ಬಿಟ್ಟು ಬೀಜ ಕೇಳಲು ನಮ್ಮ ಅಂಗಳಕ್ಕೆ ಬಂದ.

“ಅರ್ಧಾ ಇವರಿಗೆ ಕೊಟ್ಬಿಡಪಾ,” ಅಂದಳು ಅವ್ವ.

“ನಮಗ ಕಡಿಮಿ ಬಿದ್ರ?” ಅಂದೆ.

“ಕೊಟ್ಟಾಂವ ಕರ್ತ. ಮತ್ತ ಕೊಡ್ತಾನ.”

ಬೀಜವಿದ್ದದ್ದು ಹೊಲದ ಮನೆಯಲ್ಲಿ. “ಚೀಲ ತರಾಕ ಟ್ರ್ಯಾಕ್ಟರ್ ಹೋಗಬೇಕಲ್ರಿ ಕಾಕಾ. ಮುಳ್ಳು ತಗೀರಿ,” ಅಂದೆ.

ಅವನು ಬರಿಗೈಯಲ್ಲಿ ಮುಳ್ಳು ಎಳೆದು ಹಾಕುವುದನ್ನು ಟ್ರ್ಯಾಕ್ಟರ್ ಮೇಲೆ ಕೂತು ಕಣ್ತುಂಬ ನೋಡಿದೆ. ಅಷ್ಟರಲ್ಲಿ ಅವ್ವ ಬಂದು, ಸೆರಗು ಸಿಕ್ಕಿಸಿಕೊಂಡು ಅವನ ಜೊತೆ ಎಳೆಯತೊಡಗಿದಳು. ನನ್ನ ಹಬ್ಬ ಅಲ್ಲಿಗೇ ಮುಗಿಯಿತು.

ಆಮೇಲೆ ಅವ್ವನ ಕೈಗೆ ನಟ್ಟ ಮುಳ್ಳುಗಳನ್ನು ಸೂಜಿಯಿಂದ ತೆಗೆದೆ. “ಕಾಕಾಗೂ ತಗದು ಬಾ,” ಅಂದಳು. ಹೋಗಲಿಲ್ಲ. ಅವನ ಕೈಯ ಮುಳ್ಳು ಅಲ್ಲೇ ಕೀವಾಗಲಿ ಎಂದು ಅವ್ವನ ಆ ಕರ್ತನನ್ನೇ ಬೇಡಿಕೊಂಡೆ. ಆ ಬೇಡಿಕೆಯನ್ನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ.