ಕಲ್ಲಿನ ಸೇತುವೆಯ ಮೇಲೆ ಹೂಂ ಅಂದದ್ದು

ನನ್ನ ಮೊಮ್ಮಗಳು ಸುಮಾ ಇವತ್ತು ಇಡೀ ಕ್ಲಾಸಿನ ಎದುರು ಮಾತಾಡಿದಳು! ಒಂದು ಮಾತಲ್ಲ, ಎರಡು ಮಾತಲ್ಲ, ಒಂದು ಕಥೆಯನ್ನೇ ಹೇಳಿ ಮುಗಿಸಿದಳು. ಸಂತೋಷಕ್ಕೆ ಕೂತಲ್ಲಿ ಕೂರಲಾಗುತ್ತಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೇ ಅಂದುಕೊಳ್ಳಿ. ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳ ಅಕ್ಷರ ಮೊದಲೂ ನೆಟ್ಟಗಿರಲಿಲ್ಲ ಅನ್ನುವುದು ಬೇರೆ ಮಾತು.

ನನ್ನ ಮಗ ರಾಘು ಡಾಕ್ಟರಾಗಿ ಧಾರವಾಡದಿಂದ ಈ ಜರ್ಮನಿಯ ರೇಗನ್ಸ್‌ಬುರ್ಗಿಗೆ ಬಂದದ್ದು ಹತ್ತೊಂಬತ್ತುನೂರ ಅರವತ್ತಾರರಲ್ಲಿ. ಸುಮಾ ಹುಟ್ಟಿದ್ದು ಇಲ್ಲೇ. ಮನೆಯಲ್ಲಿ ಅವಳದು ಅರಳು ಹುರಿದಂಥ ಮಾತು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ಸಾಲೆಯ ಬಾಗಿಲು ದಾಟಿದಳೋ, ಬಾಯಿಗೆ ಬೀಗ. ಹೋದ ತಿಂಗಳು ಅವರಿಗೆ ಪಾಠ ಹೇಳುವ ಅಕ್ಕೋರು ರಾಘುವನ್ನೂ ಸೊಸೆ ಗೀತಾಳನ್ನೂ ಕರೆಸಿ, ಹುಡುಗಿ ಹೀಗೇ ಮೂಕಿಯ ಹಾಗೆ ಕೂತರೆ ಮಂದಬುದ್ಧಿಯ ಮಕ್ಕಳ ಸಾಲೆಗೆ ಕಳಿಸಬೇಕಾಗುತ್ತದೆ ಅಂದರಂತೆ. ಗೀತಾ ಎರಡು ದಿನ ನೆಟ್ಟಗೆ ಉಣ್ಣಲಿಲ್ಲ. ಉಳಿದಿದ್ದ ದಾರಿ ಒಂದೇ. ಮುಂದಿನ ತಿಂಗಳು ಅಕ್ಕೋರು ಕ್ಲಾಸನ್ನು ಊರ ಹಳೆಯ ಕಲ್ಲಿನ ಸೇತುವೆಗೆ ಕರೆದೊಯ್ದಾಗ, ಮಕ್ಕಳೆಲ್ಲ ಅದರ ಬಗ್ಗೆ ಒಂದೊಂದು ವಿಷಯ ಹೇಳಬೇಕಿತ್ತು. ಅಲ್ಲಿ ಸುಮಾ ಬಾಯಿ ಬಿಡಬೇಕು.

ಅಂದಿನಿಂದ ಮಧ್ಯಾಹ್ನವಾದರೆ ನಾವಿಬ್ಬರೂ ಹೊರಗೆ. ನೀವೂ ಒಮ್ಮೆ ಬಂದು ನೋಡಬೇಕು ಆ ನದಿದಂಡೆಯ ಓಣಿಗಳನ್ನು. ಎಷ್ಟು ಇಕ್ಕಟ್ಟೆಂದರೆ ಎದುರಿಗೆ ಕೂಸಿನ ಗಾಡಿ ಬಂದರೆ ನಾನು ಸೆರಗು ಎಳೆದುಕೊಂಡು ಗೋಡೆಗೆ ಆತುಕೊಳ್ಳಬೇಕು. ಮನೆಗಳಿಗೆ ಅರಿಸಿನ, ಗುಲಾಬಿ ಬಣ್ಣ. ಸೇತುವೆಯ ಬುಡದಲ್ಲಿ ಉಪ್ಪು ತುಂಬಿಡುತ್ತಿದ್ದ ಗುಡ್ಡದಂಥ ಮಾಡಿನ ಉಗ್ರಾಣ, ಅದರ ಪಕ್ಕಕ್ಕೆ ಮಾಂಸ ಸುಡುವ ಅಂಗಡಿ. ಅದರ ಹೊಗೆ ಕಂಡೊಡನೆ ನಾನು ಮೂಗಿಗೆ ಸೆರಗು ಹಿಡಿದು ಓಡುತ್ತಿದ್ದೆ; ಸುಮಾ ಬಿದ್ದು ಬಿದ್ದು ನಗುತ್ತಿದ್ದಳು. ಸೇತುವೆಯ ಕೆಳಗೆ ಡ್ಯಾನ್ಯೂಬ್ ಸುಳಿ ಸುಳಿಯಾಗಿ ತಿರುಗುತ್ತದೆ. ನಮ್ಮ ಮಲಪ್ರಭೆ ಮಳೆಗಾಲದಲ್ಲಷ್ಟೇ ತೋರಿಸುವ ಸಿಟ್ಟನ್ನು ಈಕೆ ವರ್ಷವೆಲ್ಲ ತೋರಿಸುತ್ತಾಳೆ.

ಅಲ್ಲಿ ನಿಂತು ಸುಮಾ ಜರ್ಮನ್‌ನಲ್ಲಿ ಕಥೆ ಹೇಳುತ್ತಿದ್ದಳು. ನಾನು ಒಂದೊಂದು ಮಾತಿಗೂ ಹೂಂ ಅನ್ನುತ್ತಿದ್ದೆ. ನಮ್ಮಲ್ಲಿ ಕಥೆ ಹೇಳುವವರ ಎದುರು ಯಾರಾದರೂ ಹೂಂಗುಟ್ಟಲೇಬೇಕಲ್ಲ. ಹೂಂ ನಿಂತರೆ ಕಥೆಯೂ ನಿಂತಿತು. ಅವಳ ಕೈಬಾಯಿ ನೋಡಿ, ಇದು ಯಾರೋ ಕೋಳಿ ಮಾರುವವನ ಕಥೆ ಅಂದುಕೊಂಡಿದ್ದೆ.

ರಾಘು ಕಾಡಿಸಿದ. "ಅವ್ವಾ, ನಿನಗ ಜರ್ಮನ್ ತಿಳೀತದೇನ?"

"ನಿಮ್ಮಪ್ಪ ಹೇಳಿದ್ದು ತಿಳೀತಿತ್ತೇನೋ? ನಲವತ್ತು ವರ್ಷ ಹೂಂ ಅನ್ಕೋತ ಸಂಸಾರ ಮಾಡ್ಲಿಲ್ಲೇನು?" ಅಂದೆ. ಗೀತಾ ಆ ದಿನ ಮೊದಲ ಸಲ ನಕ್ಕಳು.

ಇವತ್ತು ಬೆಳಿಗ್ಗೆ ಇಲಕಲ್ ಸೀರೆಯ ಮೇಲೆ ರಾಘುವಿನ ಕೋಟು ಹಾಕಿಕೊಂಡು ನಾನೂ ಹೋಗಿ ಮಕ್ಕಳ ಹಿಂದೆ ನಿಂತೆ. ಸುಮಾಳ ಸರದಿ ಬಂತು. ಬಾಯಿ ತೆರೆದಳು, ಮುಚ್ಚಿದಳು. ಗಾಳಿ ಬೀಸುತ್ತಿತ್ತು. ಮಕ್ಕಳು ಕಿಸಿಕಿಸಿ ನಕ್ಕರು. ಅಕ್ಕೋರು ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದರು. ಅಯ್ಯೋ, ಇಷ್ಟು ಮಂದಿ ನಿಂತಿದ್ದಾರೆ, ಹೂಂ ಅನ್ನುವವರು ಒಬ್ಬರೂ ಇಲ್ಲವಲ್ಲ! ಕೂಸು ಕಥೆ ಹೇಳುವುದಾದರೂ ಯಾರಿಗೆ?

"ಹೂಂ!" ಅಂದುಬಿಟ್ಟೆ, ಹೊಲದ ಆಚೆಗೆ ಕೂಗುವ ದನಿಯಲ್ಲಿ.

ಎಲ್ಲರೂ ತಿರುಗಿದರು. ಸುಮಾ ನನ್ನನ್ನು ನೋಡಿದಳು. ಒಂದು ಮಾತು ಆಡಿದಳು. ಹೂಂ. ಇನ್ನೊಂದು. ಹೂಂ. ಮೂರನೆಯದಕ್ಕೆ ಕೆಂಪು ಕೂದಲಿನ ಡುಮ್ಮ ಹುಡುಗನೊಬ್ಬ ತಾನೂ "ಹೂಂ!" ಅಂದ. ತಮಾಷೆಗೇ ಅಂದಿರಬೇಕು, ಅನ್ನಲಿ ಬಿಡಿ! ಆಮೇಲೆ ಇಡೀ ಕ್ಲಾಸೇ ಹೂಂ ಅಂತು, ಅಕ್ಕೋರೂ ಅಂದರು. ಸುಮಾ ಕೋಳಿಯಂತೆ ರೆಕ್ಕೆ ಬಡಿದಳು, ನಾಯಿಯಂತೆ ಬೊಗಳಿದಳು. ಮುಗಿದಾಗ ಚಪ್ಪಾಳೆಗೆ ಸೇತುವೆಯ ಪಾರಿವಾಳಗಳೆಲ್ಲ ಎದ್ದು ಹಾರಿದವು. ಅಕ್ಕೋರು ನನ್ನ ಎರಡೂ ಕೈ ಹಿಡಿದು ಏನೋ ಹೇಳಿದರು.

"ಅಜ್ಜೀ, ನಾನು ಇದೇ ಸಾಲಿಯೊಳಗೇ ಇರ್ತೀನಂತ!" ಅಂದಳು ಸುಮಾ, ಕನ್ನಡದಲ್ಲಿ.

ಸಂಜೆ ಗೀತಾ ಎಣ್ಣೆಗಾಯಿ ಮಾಡಿದಳು, ನಾನು ರೊಟ್ಟಿ ಬಡಿದೆ. ನಾಲ್ವರೂ ಒಟ್ಟಿಗೆ ಕೂತೆವು. ಸುಮಾ ಬಾಯಲ್ಲಿ ರೊಟ್ಟಿ ಇಟ್ಟುಕೊಂಡೇ ನನಗೆ ಕನ್ನಡದಲ್ಲಿ ಕಥೆ ಬಿಡಿಸಿದಳು. ಸೇತುವೆ ಕಟ್ಟಿಕೊಟ್ಟ ಸೈತಾನ, ಮೊದಲು ದಾಟುವ ಮೂರು ಜೀವ ತನಗೆ ಬೇಕೆಂದನಂತೆ; ಜಾಣ ಮೇಸ್ತ್ರಿ ಒಂದು ಹುಂಜ, ಒಂದು ಕೋಳಿ, ಒಂದು ನಾಯಿಯನ್ನು ದಾಟಿಸಿದನಂತೆ! ಅದು ಮುಗಿದರೆ ಡುಮ್ಮ ಹುಡುಗನ ಸುದ್ದಿ, ಅದು ಮುಗಿದರೆ ಪಾರಿವಾಳದ್ದು.

ರಾಘು ರೂಢಿಯಂತೆ ಗದರಿದ. "ಸುಮಾ, ಊಟಕ್ಕ ಕೂತಾಗ ಮಾತಾಡಬಾರ್ದು."

ನಾನೂ ಗೀತಾಳೂ ಒಟ್ಟಿಗೇ ಅವನ ಮೇಲೆ ಬಿದ್ದೆವು. "ನೀ ಸುಮ್ನ ಉಣ್ಣು!"

ಅವನು ತಲೆ ತಗ್ಗಿಸಿ ಉಂಡ. ಅವಳು ಮಾತಾಡಿದಳು. ರೊಟ್ಟಿ ಆರಿ ಬಿರುಸಾಗಿ ಹೋದವು, ಒಬ್ಬರೂ ಎದ್ದು ಬಿಸಿ ಮಾಡಲಿಲ್ಲ.